ಬೆಟ್ಟ, ಮರ, ಹಕ್ಕಿ

ಮಕ್ಕಳೇ, ಬೆಟ್ಟ, ಮರ, ಹಕ್ಕಿ ಬರೆದೇ ಒಬ್ಬರು ದೊಡ್ಡ ಚಿತ್ರಕಾರರಾದರು ಎಂದರೆ ನಂಬುತ್ತೀರಾ? ಅವರೇ ಜೆ. ಸ್ವಾಮಿನಾಥನ್, 1928ರಲ್ಲಿ ಶಿಮ್ಲಾದಲ್ಲಿ ಹುಟ್ಟಿದವರು. ಅವರ ಚಿತ್ರದಲ್ಲಿ ಬರೀ ಬಣ್ಣದ ಬಯಲು. ಅದರ ನಡುವೆ ತೇಲುವ ಬೆಟ್ಟ, ಸುಮ್ಮನೆ ಕೂತ ಹಕ್ಕಿ.

ನನಗೆ ಅವರ ಇನ್ನೊಂದು ಕೆಲಸ ಇನ್ನೂ ಇಷ್ಟ. 1982ರಲ್ಲಿ ಭೋಪಾಲದಲ್ಲಿ ಭಾರತ ಭವನ ಶುರುವಾಯಿತು. ಅಲ್ಲಿನ ಕಲಾ ಸಂಗ್ರಹಾಲಯ ಕಟ್ಟುವ ಹೊಣೆ ಅವರದು. ಚಿತ್ರ ಹುಡುಕಲು ಕಲಾ ವಿದ್ಯಾರ್ಥಿಗಳನ್ನು ಹಳ್ಳಿಹಳ್ಳಿಗೆ ಕಳಿಸಿದರು. ಪಾಟನ್‌ಗಢದಲ್ಲಿ ಮನೆಗೋಡೆಗೆ ಚಿತ್ರ ಬರೆಯುತ್ತಿದ್ದ ಗೊಂಡ ಯುವಕ ಜನಗಢ್ ಸಿಂಗ್ ಶ್ಯಾಮ್ ಸಿಕ್ಕಿದ್ದು ಹಾಗೆಯೇ. ಪಟ್ಟಣದ ಕಲಾವಿದರಿಗೆ ಸಿಕ್ಕ ಮರ್ಯಾದೆಯೇ ಅವರಿಗೂ ಸಿಕ್ಕಿತು. ಮುಂದೆ ಅವರ ಚಿತ್ರಗಳು ವಿದೇಶಕ್ಕೂ ಹೋದವು.

ನಾಳೆ ಬೆಳಗ್ಗೆ ಅಜ್ಜಿ ರಂಗೋಲಿ ಹಾಕುವಾಗ ಸ್ವಲ್ಪ ನಿಂತು ನೋಡಿ. ಕಲಿಸಿದವರು ಯಾರೆಂದು ಕೇಳಿ.