ಯಜಮಾನರ ಪರದೆ

ರಾತ್ರಿ ಬಾಗಿಲು ಹಾಕಿದ ಮೇಲೆ ಚೀಟಿಗಳನ್ನು ಎಣಿಸಿ ಅಂದಿನ ವ್ಯಾಪಾರವನ್ನು ತಿಳಿಯುವ ಕಾಲ ಹಿಂದಾಯಿತು. ಇಂದು ಅನೇಕ ಹೋಟೆಲುಗಳ ಗಲ್ಲಾದಲ್ಲಿ, ಯಾವ ಗಂಟೆಗೆ ಎಷ್ಟು ದೋಸೆ ಹೋಯಿತೆಂಬುದು ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಏರಿಳಿಯುತ್ತದೆ. ಯಾರನ್ನು ಯಾವ ಪಾಳಿಗೆ ಹಾಕಬೇಕು, ಯಾರನ್ನು ಬಿಡಿಸಬೇಕು ಎಂಬುದನ್ನು ಆ ಗೆರೆ ನೋಡಿ ನಿಶ್ಚಯಿಸುವ ಯಜಮಾನರೂ ಇರುವುದರಿಂದ, ಈ ವಿಷಯವು ಯಂತ್ರತಜ್ಞರಿಗೆ ಮಾತ್ರ ಸೇರಿದ್ದೆಂದು ನಮ್ಮ ವಾಚಕರು ಸುಮ್ಮನಿರುವಂತಿಲ್ಲ.

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿಯು, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ರೇಖೆಯೆಳೆದು ಕಂಪ್ಯೂಟರಿನೊಡನೆ ವ್ಯವಹರಿಸಬಹುದೆಂದು ತೋರಿಸಿಕೊಟ್ಟರು. ಇಂತಹ ಪರದೆಯನ್ನು ವ್ಯವಸ್ಥಾಪಕರ ಮುಂದೆ ತಂದಿರಿಸಿದವರಲ್ಲಿ ಮೈಕಲ್ ಸ್ಕಾಟ್ ಮಾರ್ಟನ್ ಪ್ರಮುಖರು. 1960ರ ದಶಕದ ಉತ್ತರಾರ್ಧದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಬಟ್ಟೆ ಒಗೆಯುವ ಯಂತ್ರಗಳ ವಿಭಾಗದಲ್ಲಿ ಅವರು ನಡೆಸಿದ ಪ್ರಯೋಗದ ವಿವರವು 1971ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಯಾವ ಕಾರ್ಖಾನೆಯಲ್ಲಾದರೂ ಮಾರಾಟದವರಿಗೆ ಗೋದಾಮು ತುಂಬಿರಬೇಕು. ತಯಾರಿಕೆಯವರಿಗೆ ಕೆಲಸ ಒಂದೇ ಸಮನೆ ಸಾಗಬೇಕು. ಅಂಕಿಗಳ ಹಾಳೆಗಳು ಕೋಣೆಯಿಂದ ಕೋಣೆಗೆ ಅಲೆದು ಹಲವು ದಿನ ಹಿಡಿಯುತ್ತಿದ್ದ ಚರ್ಚೆಯು, ಇಬ್ಬರೂ ಒಂದೇ ಚಿತ್ರದ ಮುಂದೆ ಕುಳಿತಾಗ ಬೇಗನೆ ಮುಗಿಯಿತು. ‘ಇಷ್ಟು ಹೆಚ್ಚಿಸಿದರೆ ಏನಾದೀತು?’ ಎಂದು ಕೇಳಬೇಕು, ಗೆರೆ ಬದಲಾಗುವುದನ್ನು ನೋಡಬೇಕು, ಮತ್ತೆ ಕೇಳಬೇಕು. ತೀರ್ಮಾನ ಮಾತ್ರ ಮನುಷ್ಯರದೇ. 1979ರಲ್ಲಿ ಬಂದ ವಿಸಿಕ್ಯಾಲ್ಕ್, ಒಂದು ಅಂಕಿ ತಿದ್ದಿದರೆ ಉಳಿದ ಮೊತ್ತಗಳನ್ನೆಲ್ಲ ತಾನೇ ತಿದ್ದುವ ಅನುಕೂಲವನ್ನು ಸಣ್ಣ ಕಚೇರಿಗಳ ಮೇಜಿಗೂ ತಂದಿತು. ಲೆಡ್ಜರು ಅಳಿಸಿ ಬರೆದ ಗುಮಾಸ್ತರಿಗೆ ಅದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಆದರೆ ಪರದೆಯು ತನಗೆ ಉಣಿಸಿದ್ದನ್ನಷ್ಟೇ ತೋರಿಸಬಲ್ಲುದು. ಅಳತೆಯನ್ನು ಸೊನ್ನೆಯಿಂದ ಆರಂಭಿಸದೆ 90ರಿಂದ ಆರಂಭಿಸಿದರೆ, 100ರಿಂದ 95ಕ್ಕೆ ಇಳಿದ ವ್ಯಾಪಾರವು ಅರ್ಧಕ್ಕರ್ಧ ಕುಸಿದಂತೆ ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಗೆರೆ ನೆಲಕ್ಕೆ ತಾಗಿರುತ್ತದೆ, ನಿಜ; ಭಟ್ಟರು ನಾಳೆಯ ಹಿಟ್ಟಿಗೆ ಅಕ್ಕಿ ಉದ್ದು ಅರೆಯುವುದೂ, ಮಾಣಿಗಳು ಮೇಜು ತೊಳೆಯುವುದೂ ಆ ವೇಳೆಯಲ್ಲಿಯೇ. ಬಿಲ್ಲಿಲ್ಲದ ಆ ದುಡಿಮೆಗೆ ಗೆರೆಯಲ್ಲಿ ಸ್ಥಾನವಿಲ್ಲ. ರಸ್ತೆ ಅಗೆದುದರಿಂದ ಮಂಗಳವಾರ ಗಿರಾಕಿ ಬರಲಿಲ್ಲವೆಂಬುದು ಬಾಗಿಲ ಬಳಿ ನಿಂತ ಮಾಣಿಗೆ ಗೊತ್ತು, ಪರದೆಗೆ ಗೊತ್ತಿಲ್ಲ.

ಯಂತ್ರವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ಆ ಪ್ರಯೋಗದಲ್ಲಿ ಇಬ್ಬರು ಅಧಿಕಾರಿಗಳಿಗೆ ಸಂದ ಅನುಕೂಲವು ನಮ್ಮಲ್ಲಿ ಯಜಮಾನರೊಬ್ಬರಿಗೇ ಸೀಮಿತವಾಗುವುದೇಕೆ? ಪಾಳಿ ಬದಲಿಸುವ ಮುನ್ನ ಆ ಪರದೆಯನ್ನು ಒಮ್ಮೆ ಅಡುಗೆಮನೆಯವರ ಕಡೆಗೂ ತಿರುಗಿಸಬೇಕು. ‘ಹೀಗೆ ಮಾಡಿದರೆ ಏನಾದೀತು?’ ಎಂದು ಕೇಳುವ ಅವಕಾಶ ಭಟ್ಟರಿಗೂ ಮಾಣಿಗೂ ದೊರೆಯಬೇಕು. ಅದಕ್ಕೆ ಹೊಸ ಖರ್ಚೇನೂ ಬೇಕಿಲ್ಲ.