ಪೇಟಿ ಮಾಸ್ತರರ ಮೊದಲ ಮೆಟ್ಟಿಲು

ನನ್ನ ರೂಮ್‌ಮೇಟ್ ಬ್ಯಾಡಗಿಯವನು. ಬಿಇ ಓದುತ್ತಲೇ ಹಾವೇರಿ, ರಾಣೆಬೆನ್ನೂರು ಸುತ್ತಲಿನ ಜಾತ್ರೆಗಳ ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸಿ ಮೆಸ್ ಬಿಲ್ ಕಟ್ಟುತ್ತಿದ್ದ. ಈ ವರ್ಷ ಅವನಿಗೆ ಕರೆ ಕಡಿಮೆ. ಟ್ರ್ಯಾಕ್ ಲ್ಯಾಪ್‌ಟಾಪಿನಲ್ಲೇ ಇದೆ, ಹಾಡುವವರಿದ್ದರೆ ಸಾಕು ಎನ್ನುತ್ತಾರಂತೆ. ಹೊಸ ಭಕ್ತಿಗೀತೆ ಬೇಕಿದ್ದರೆ ಎಐ ಆ್ಯಪ್ ನಿಮಿಷಗಳಲ್ಲಿ ಮಾಡಿಕೊಡುತ್ತದೆ. ‘ಪೇಟಿ ಕೆಲಸಾನೂ ಹೋತು, ನಾಳೆ ಕೋಡಿಂಗ್ ಕೆಲಸಾನೂ ಹೊಕ್ಕೈತಿ ಬಿಡಲೇ’ ಎಂದ ಮೊನ್ನೆ. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ನಿದ್ದೆ ಬರಲಿಲ್ಲ.

ವಾದ್ಯಗಾರರಿಗೆ ಇಂಥ ಸಂಕಟ ಹೊಸದೇನಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂನಲ್ಲಿ ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಸಿಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಆದರೂ ಪೇಟಿ ಸಾಯಲಿಲ್ಲ. ಏಕೆಂದರೆ ಕಲಿಯುವವರಿಗೆ ಅನ್ನ ಕೊಡುವ ಜಾಗಗಳು ಬೇರೆ ಇದ್ದವು: ಕಂಪನಿ ನಾಟಕ, ಭಜನೆ, ಮಠ.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇರುವುದು ದೇವಗಿರಿಯಲ್ಲಿ. ಪಂಡಿತ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದೂ ದೇವಗಿರಿಯಲ್ಲೇ. ಶೈಶವದಲ್ಲೇ ಕಣ್ಣು ಕಳೆದುಕೊಂಡ ಮಗು ಸೋದರಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಸ್ವರ ಗುರುತಿಸಿತು. ಮಾವ ಆ ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಆ ಗುರುವೂ ಹಾನಗಲ್ ತಾಲ್ಲೂಕಿನವರು, ಅವರಿಗೂ ಕಣ್ಣಿರಲಿಲ್ಲ. ಶಿಷ್ಯ ಹಿಂದೂಸ್ತಾನಿ, ಕರ್ನಾಟಕಿ ಎರಡನ್ನೂ ಕಲಿತರು. ಪೇಟಿಯ ಜೊತೆ ತಬಲಾ, ಪಿಟೀಲು, ಸಾರಂಗಿಯನ್ನೂ ನುಡಿಸಿದರು. ನಾಟಕ ಬರೆದು ಆಡಿಸಿ ಆಶ್ರಮದ ಮಕ್ಕಳ ಊಟಕ್ಕೆ ಹಣ ಕೂಡಿಸಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ನಿಧನರಾದರು. ಪಂಡಿತ ಎಂ. ವೆಂಕಟೇಶ್ ಕುಮಾರ್ ಬೆಳೆದದ್ದು ಅಲ್ಲಿಯೇ.

ಈಗ ಕಡಲಾಚೆ ನೋಡಿ. ಜೋರ್ಡನ್ ರುಡೆಸ್ ಒಂಬತ್ತರ ವಯಸ್ಸಿಗೇ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿದ ಪಿಯಾನೊ ಪ್ರತಿಭೆ. ಕೀತ್ ಎಮರ್ಸನ್ ನುಡಿಸಿದ್ದನ್ನು ಕೇಳಿ ಪ್ರೊಗ್ರೆಸಿವ್ ರಾಕ್ ಕಡೆ, ಅಂದರೆ ಶಾಸ್ತ್ರೀಯ ಮತ್ತು ಜಾಝ್ ಸಂಗೀತವನ್ನು ರಾಕ್‌ಗೆ ಬೆಸೆಯುವ ಕಡೆ, ವಾಲಿದರು. 1999ರಿಂದ ಅವರು ಡ್ರೀಮ್ ಥಿಯೇಟರ್ ತಂಡದ ಕೀಬೋರ್ಡ್ ವಾದಕ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ, ತಮ್ಮದೇ ನುಡಿಸಾಣಿಕೆಯಿಂದ ತರಬೇತಿ ಪಡೆದ ಎಐ ಜೊತೆ ವೇದಿಕೆಯಲ್ಲಿ ಜುಗಲ್‌ಬಂದಿ ನಡೆಸಿದರು.

ನೋಡಿದಿರಾ, ಎಐಗೆ ಹೆದರಬೇಕಿಲ್ಲ ಎಂದು ಇದರಿಂದ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ರುಡೆಸ್ ಯಂತ್ರದ ಜೊತೆ ಸರಿಸಮ ಕೂರುವುದು ದಶಕಗಳ ಅಭ್ಯಾಸದಿಂದ. ಪುಟ್ಟರಾಜರು ಗವಾಯಿಯಾದದ್ದು ಗುರುವಿನ ಆಶ್ರಮದಲ್ಲಿ ಅನ್ನದ ಜೊತೆಗೇ ಪಾಠ ಸಿಕ್ಕಿದ್ದರಿಂದ. ಎಐ ಮೊದಲು ತಿನ್ನುವುದು ಇಂಥ ದೊಡ್ಡವರ ಕೆಲಸವನ್ನಲ್ಲ. ತಪ್ಪು ಮಾಡುತ್ತ, ನಾಲ್ಕು ಕಾಸು ಗಳಿಸುತ್ತ ಕಲಿಯುವವರ ಚಿಕ್ಕ ಕೆಲಸವನ್ನು. ಹಾಡಿನ ಹಿಮ್ಮೇಳವೂ ಅದೇ, ಫ್ರೆಶರ್ ಬರೆಯುವ ಕೋಡ್ ಕೂಡ ಅದೇ. ಮೊದಲ ಮೆಟ್ಟಿಲನ್ನೇ ಕಿತ್ತರೆ ಇಪ್ಪತ್ತು ವರ್ಷದ ನಂತರ ಅಟ್ಟದ ಮೇಲೆ ಯಾರಿರುತ್ತಾರೆ?

ಇನ್ನೊಂದು ಪ್ರಶ್ನೆ ಕೂಲಿಯದು. ರುಡೆಸ್ ತಮ್ಮ ನುಡಿತವನ್ನು ಮನಸಾರೆ ಕೊಟ್ಟರು. ಆದರೆ ಅನುಮತಿ ಇಲ್ಲದೆ ಹಾಡುಗಳನ್ನು ಬಳಸಿ ತರಬೇತಿ ನೀಡಲಾಗಿದೆ ಎಂದು ದೊಡ್ಡ ಸಂಗೀತ ಕಂಪನಿಗಳು 2024ರ ಜೂನ್‌ನಲ್ಲಿ ಸುನೊ, ಉಡಿಯೊ ಎಂಬ ಎಐ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ಕಂಪನಿಗಳಿಗೆ ವಕೀಲರಿದ್ದಾರೆ. ನಮ್ಮ ಜಾತ್ರೆಯ ವಾದಕರಿಗೆ ಯಾರಿದ್ದಾರೆ?

ಯಂತ್ರವನ್ನು ನಿಷೇಧಿಸುವುದು ಪರಿಹಾರವಲ್ಲ, ಆಕಾಶವಾಣಿಯ ಅನುಭವವೇ ಅದನ್ನು ಹೇಳುತ್ತದೆ. ಮೆಟ್ಟಿಲು ಉಳಿಸುವುದು ಪರಿಹಾರ. ಜಾತ್ರಾ ಸಮಿತಿಗಳು ಒಂದು ಗಂಟೆಯಾದರೂ ಸ್ಥಳೀಯ ವಾದಕರನ್ನು ಕೂರಿಸಲಿ. ಕಂಪನಿಗಳು ಎಐ ಇದ್ದರೂ ಹೊಸಬರಿಗೆ ಕಲಿಯುವ ಕುರ್ಚಿ ಇಡಲಿ. ನಾವೂ ಅಷ್ಟೇ, ಉತ್ತರವನ್ನು ಎಐಗೆ ಕೇಳುವ ಮೊದಲು ಒಮ್ಮೆ ಕೈಯಾರೆ ಬಿಡಿಸೋಣ.

ರೂಮ್‌ಮೇಟ್ ಕೀಬೋರ್ಡ್ ಮಾರಲು ಹೊರಟಿದ್ದ. ಸದ್ಯಕ್ಕೆ ಬೇಡ ಎಂದಿದ್ದೇನೆ. ಈಗ ಸಂಜೆ ಹೊತ್ತು ನನಗೆ ಸ್ವರ ಕಲಿಸುತ್ತಿದ್ದಾನೆ, ಫೀಸು ಮೆಸ್‌ನ ಒಂದು ಊಟ.