ಧರ್ಮದ ಕಾಲಂ, ಸಿಸ್ಟರ್ ಶಾಲೆ ಮತ್ತು ನಾವು

‘ದೇವರು ದಿಂಡರು ಇಲ್ಲ ಅನ್ನೋರು ಮಗಳನ್ನ ಸಿಸ್ಟರ್‌ಗಳ ಶಾಲೆಗೆ ಹಾಕಿದ್ದೀರಂತೆ?’

ಕಳೆದ ಜೂನ್‌ನಿಂದ ಈ ಮಾತನ್ನು ನಾವಿಬ್ಬರೂ ಎಷ್ಟು ಸಲ ಕೇಳಿಸಿಕೊಂಡಿದ್ದೇವೋ ಲೆಕ್ಕವಿಲ್ಲ. ಡೇರಿ ಮುಂದೆ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಪೂಜೆ ಮಾಡುವ ನೆಂಟರೂ ಕೇಳುತ್ತಾರೆ, ನಮ್ಮ ಹಾಗೆ ಪೂಜೆ ಬಿಟ್ಟ ಗೆಳೆಯರೂ ಕೇಳುತ್ತಾರೆ. ನೆಂಟರಿಗೆ ಮಗು ಮತಾಂತರ ಆದೀತೆಂಬ ಭಯ. ಗೆಳೆಯರಿಗೆ ನಾವು ಮಾತು ತಪ್ಪಿದೆವೆಂಬ ಸಿಟ್ಟು. ಈಗ ಮತ್ತೆ ಅಡ್ಮಿಶನ್ ಕಾಲ ಬಂದಿದೆ, ಇದೇ ಗೊಂದಲದಲ್ಲಿರುವ ಒಂದೆರಡು ಮನೆಯವರು ಫೋನ್ ಮಾಡಿ ವಿಚಾರಿಸಿದ್ದಾರೆ. ಹಾಗಾಗಿ ಒಟ್ಟಿಗೇ ಬರೆಯುತ್ತಿದ್ದೇವೆ.

ನಮ್ಮದು ಮಂತ್ರಮಾಂಗಲ್ಯದ ಮದುವೆ. ಕುವೆಂಪು ಹಾಕಿಕೊಟ್ಟ ಆ ಪದ್ಧತಿಯಲ್ಲಿ ಪುರೋಹಿತರಿಲ್ಲ, ಮುಹೂರ್ತವಿಲ್ಲ, ಜಾತಕವಿಲ್ಲ. ನಮ್ಮಿಬ್ಬರ ಜಾತಿ ಬೇರೆ ಬೇರೆ. ದೇವರ ಗೂಡು ಇರಬೇಕಾದ ಜಾಗದಲ್ಲಿ ಪುಸ್ತಕ, ಮೊಬೈಲ್ ಚಾರ್ಜರ್ ಇವೆ. ಯುಗಾದಿಗೆ ಒಬ್ಬಟ್ಟು ಮಾಡುತ್ತೇವೆ, ಅದನ್ನು ತಿನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

ಊರಿನ ಸರ್ಕಾರಿ ಶಾಲೆ ಗಟ್ಟಿಯಾಗಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಐದು ತರಗತಿಗೆ ಇಬ್ಬರು ಮೇಷ್ಟ್ರು, ಅವರಲ್ಲೊಬ್ಬರಿಗೆ ಸಮೀಕ್ಷೆ, ಚುನಾವಣೆ ಕೆಲಸ ಮುಗಿಯುವುದೇ ಇಲ್ಲ. ಅದರ ಬಗ್ಗೆ ನಾವೇ ಸುದ್ದಿ ಬರೆದು ಕಳಿಸಿದ್ದೇವೆ, ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಉಳಿದದ್ದು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗಳು. ಗೆಳೆಯರಿಗೆ ನಮ್ಮದೊಂದು ಪ್ರಶ್ನೆ: ಅವುಗಳಲ್ಲಿ ದೇವರಿಲ್ಲದ ಶಾಲೆ ಯಾವುದು ಹೇಳಿ? ಒಂದರ ಗೇಟಿನಲ್ಲೇ ಗಣಪತಿ. ಇನ್ನೊಂದರಲ್ಲಿ ಶಾಲೆ ಶುರುವಾಗುವ ದಿನ ಹೋಮ, ಶುಕ್ರವಾರ ಶಾರದೆ ಪೂಜೆ. ಅಲ್ಲಿ ಮಕ್ಕಳನ್ನು ಸೇರಿಸಿದಾಗ ಯಾರೂ ನಮ್ಮಂಥವರನ್ನು ಕೇಳುವುದಿಲ್ಲ, ಏಕೆಂದರೆ ಅದು ಧರ್ಮ ಅಂತ ಯಾರಿಗೂ ಕಾಣುವುದೇ ಇಲ್ಲ, ಗೋಡೆಯ ಬಣ್ಣದ ಹಾಗೆ. ಶಿಲುಬೆ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ನಮಗೆ ಮುಖ್ಯವಾದದ್ದು ಗೋಡೆ ಮೇಲೆ ಯಾರ ಪಟ ಇದೆ ಎಂಬುದಲ್ಲ, ಆ ಪಟದ ಮುಂದೆ ಮಗು ಏನು ಮಾಡಲೇಬೇಕು ಅನ್ನುತ್ತಾರೆ ಎಂಬುದು.

ಅದನ್ನೇ ಹೋಗಿ ಸಿಸ್ಟರನ್ನು ಕೇಳಿದೆವು. ಕ್ಯಾಥೋಲಿಕ್ ಮಕ್ಕಳಿಗೆ ಕ್ಯಾಟಿಕಿಸಂ ಪಾಠ ಇರುವ ಹೊತ್ತಿನಲ್ಲಿ ಉಳಿದವರಿಗೆ ಮಾರಲ್ ಸೈನ್ಸ್, ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು ಎಂದರು. ಕೈ ಮುಗಿಯಲೇಬೇಕಾ ಎಂದೆವು. ‘ಮುಗಿಯದಿದ್ದರೂ ಪರವಾಗಿಲ್ಲ, ಪಕ್ಕದವರ ಜಡೆ ಎಳೆಯಬಾರದು ಅಷ್ಟೇ’ ಎಂದರು. ಹಬ್ಬದ ಬಲಿಪೂಜೆಗೆ ಬರಲು ಇಷ್ಟವಿಲ್ಲದ ಮಕ್ಕಳು ಲೈಬ್ರರಿಯಲ್ಲಿ ಕೂರಬಹುದಂತೆ.

ಇದು ಸಿಸ್ಟರ್ ತೋರಿಸಿದ ಕರುಣೆ ಅಂತ ತಿಳಿಯಬೇಡಿ. ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿ ಇದನ್ನೇ ಹೇಳುತ್ತದೆ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವುದೇ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಚರ್ಚಿನ ಶಾಲೆ, ಮಠದ ಶಾಲೆ ಎಲ್ಲಕ್ಕೂ ಒಂದೇ ಮಾತು. ‘ಒಪ್ಪಿಗೆ’ ಎಂಬ ಪದದ ಮೇಲೆ ಕಣ್ಣಿಡಿ. 2022ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ (ಅದು ಕ್ಯಾಥೋಲಿಕ್ ಶಾಲೆಯಲ್ಲ) ಅರ್ಜಿಯಲ್ಲಿ, ಮಗು ಬೈಬಲ್ ತರುವುದಕ್ಕೆ ನಮ್ಮ ಆಕ್ಷೇಪವಿಲ್ಲ ಎಂಬ ಸಾಲಿತ್ತೆಂದು ದೊಡ್ಡ ಗಲಾಟೆಯಾಯಿತು. ಅಂಥ ಸಾಲುಗಳು ಅರ್ಜಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತವೆ. ನಾವು ಫೀಸಿನ ಪುಟ ನೋಡಿ ಬೆವರು ಒರೆಸಿಕೊಳ್ಳುತ್ತಾ ಸಹಿ ಹಾಕಿಬಿಡುತ್ತೇವೆ. ಓದಿ ಹಾಕಿ.

ಸುಮ್ಮನೆ ನಿಲ್ಲುವ ಹಕ್ಕಿನ ಬಗ್ಗೆ ಇನ್ನೊಂದು ಪ್ರಕರಣವಿದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು, ಅವರ ನಂಬಿಕೆ ಹಾಗೆ. ಶಾಲೆ ಹೊರಗೆ ಹಾಕಿತು. ಗೌರವದಿಂದ ಮೌನವಾಗಿ ನಿಂತವರನ್ನು ಹೊರಹಾಕುವಂತಿಲ್ಲ ಎಂದು 1986ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಾಢ ಭಕ್ತರು ಗೆದ್ದ ಆ ಕೇಸು ನಮ್ಮಂಥ ಭಕ್ತಿ ಇಲ್ಲದವರಿಗೂ ಬಲ ಕೊಡುತ್ತದೆ. 2024ರಲ್ಲಿ ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿಯೇ ತನ್ನ ಶಾಲೆಗಳಿಗೆ ಸೂಚನೆ ಕಳಿಸಿದೆ: ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಎಂದು. ಶಾಲೆಯವರು ಹಿಂದೇಟು ಹಾಕಿದರೆ ಈ ಸೂಚನೆಯನ್ನು ನೆನಪಿಸಬಹುದು.

ಫೀಸಿನ ಮಾತು ಬಂತಲ್ಲ, ಆರ್‌ಟಿಇ ಉಚಿತ ಸೀಟಿನ ಆಸೆ ಇಟ್ಟುಕೊಳ್ಳಬೇಡಿ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು 2014ರಲ್ಲೇ ತೀರ್ಪಾಗಿದೆ. ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ಸ್ಟ್ರಿಂಗರ್ ಸಂಪಾದನೆಯಲ್ಲಿ ಮೂರು ಕಂತು ಕಟ್ಟುವುದು ಹೇಗೆಂದು ನಮ್ಮನ್ನು ಕೇಳಬೇಡಿ.

ನಿಜವಾಗಿ ನಮ್ಮ ನಿದ್ದೆ ಕೆಡಿಸಿದ್ದು ಶಿಲುಬೆಯಲ್ಲ, ಅರ್ಜಿಯ ಧರ್ಮದ ಕಾಲಂ. ‘ಇಲ್ಲ’ ಎಂದು ಬರೆಯಬೇಕೆಂದೇ ಪೆನ್ನು ಹಿಡಿದಿದ್ದೆವು. ಹಾಗೆ ಬರೆಯುವವರು ನಾವೊಬ್ಬರೇ ಏನಲ್ಲ, 2011ರ ಜನಗಣತಿಯಲ್ಲಿ ಧರ್ಮ ಹೇಳದವರ ಸಂಖ್ಯೆ 28 ಲಕ್ಷ ದಾಟಿತ್ತು. 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ಜಾತಿ, ಧರ್ಮ ಎರಡೂ ಇಲ್ಲವೆಂಬ ಪ್ರಮಾಣಪತ್ರವನ್ನೇ ಪಡೆದರು. ಓದಿದಾಗ ನಮಗೂ ಹುರುಪು ಬಂದಿತ್ತು.

ಆದರೆ ನಮ್ಮ ಮಗುವಿನ ತಂದೆ ಪರಿಶಿಷ್ಟ ಜಾತಿಯವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮ ಪಾಲಿಸುವವರನ್ನು ಪರಿಶಿಷ್ಟ ಜಾತಿ ಎಂದು ಪರಿಗಣಿಸುವಂತಿಲ್ಲ. ಸಿಖ್ಖರು ಸೇರಿದ್ದು 1956ರಲ್ಲಿ, ಬೌದ್ಧರು 1990ರಲ್ಲಿ. ಯಾವ ಧರ್ಮವೂ ಇಲ್ಲದವರ ಬಗ್ಗೆ ಆ ಆದೇಶ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ನಾಳೆ ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗ ಶಾಲೆಯ ದಾಖಲೆ ತೋರಿಸಿ ಅಂದರೆ ಏನು ಗತಿ? ಅಪ್ಪ ದೇವಸ್ಥಾನದ ಹೊಸ್ತಿಲಾಚೆ ನಿಂತು ಬೆಳೆದವರು. ಆ ಕಾರಣಕ್ಕೇ ದೇವರನ್ನು ಬಿಟ್ಟವರು. ಈಗ ಆ ಹೊಸ್ತಿಲಿನ ಲೆಕ್ಕಕ್ಕೆ ಸಿಗುವ ಮೀಸಲಾತಿಗಾಗಿ ಅದೇ ಧರ್ಮದ ಹೆಸರು ಬರೆಯಬೇಕು. ಬರೆದೆವು. ‘ಹಿಂದೂ’ ಎಂದೇ ಬರೆದೆವು. ನಮ್ಮ ಮಾತಿನ ಶುದ್ಧಿಗೆ ಮಗಳ ಕಾಲೇಜು ಸೀಟನ್ನು ಒತ್ತೆ ಇಡುವ ಅಧಿಕಾರ ನಮಗಿಲ್ಲ. ಧರ್ಮದ ಕಾಲಂ ಖಾಲಿ ಬಿಡಿ ಎಂದು ಫೇಸ್‌ಬುಕ್ಕಿನಲ್ಲಿ ಕರೆ ಕೊಡುವವರು, ಖಾಲಿ ಬಿಟ್ಟರೆ ಯಾರಿಗೆ ಎಷ್ಟು ನಷ್ಟ ಎಂದು ಒಮ್ಮೆ ಲೆಕ್ಕ ಹಾಕಲಿ.

ಮತಾಂತರದ ಭಯದವರಿಗೆ ಒಂದೇ ಮಾತು. ನಮ್ಮ ತಾಲ್ಲೂಕಿನ ಎಷ್ಟೋ ವಕೀಲರು, ಡಾಕ್ಟರು ಸಿಸ್ಟರ್ ಶಾಲೆಯಲ್ಲಿ ಓದಿದವರೇ. ಗಣೇಶನ ಚಂದಾ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬರುವವರೂ ಅವರೇ.

ನಮಗಿರುವ ಭಯ ಬೇರೆ. ‘ದೇವರು ನೋಡ್ತಾ ಇರ್ತಾನೆ, ತಪ್ಪು ಮಾಡಿದ್ರೆ ಬೆಂಕಿಗೆ ಹಾಕ್ತಾನೆ’ ಎಂದು ಯಾರಾದರೂ ಆರು ವರ್ಷದ ಮಗುವನ್ನು ಹೆದರಿಸಿದರೆ? ಹಾಗೇನಾದರೂ ಆದರೆ ಮರುದಿನವೇ ಶಾಲೆಯಲ್ಲಿರುತ್ತೇವೆ. ಈವರೆಗೆ ಆಗಿಲ್ಲ. ಅಂಥ ಬೆಂಕಿ ಅಜ್ಜಿ ಮನೆಯ ಟಿವಿ ಧಾರಾವಾಹಿಯಲ್ಲೇ ಜಾಸ್ತಿ. ಶಾಲೆಯ ಜೊತೆ ನಮ್ಮ ಜಗಳವಿರುವುದು ಕನ್ನಡದ ವಿಷಯದಲ್ಲಿ. ಆಟದ ಬಯಲಿನಲ್ಲೂ ಇಂಗ್ಲಿಷೇ ಆಡಬೇಕಂತೆ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

‘ನಮ್ ದೇವ್ರು ಯಾರು?’ ಅಂತ ಮಗಳು ಒಂದು ದಿನ ಕೇಳಿದಳು. ಕ್ಲಾಸಿನಲ್ಲಿ ಎಲ್ಲರೂ ಅವರವರ ದೇವರ ಹೆಸರು ಹೇಳಿದ್ದರಂತೆ. ‘ಅಪ್ಪ ಅಮ್ಮ ಪೂಜೆ ಮಾಡಲ್ಲ, ಅಜ್ಜಿ ಮಾಡ್ತಾರೆ, ನಿನ್ನ ಗೆಳತಿ ಚರ್ಚಿಗೆ ಹೋಗ್ತಾಳೆ. ದೊಡ್ಡೋಳಾದ ಮೇಲೆ ನೀನೇ ಯೋಚನೆ ಮಾಡು’ ಎಂದೆವು. ಕ್ಲಾಸಿನಲ್ಲಿ ಎದ್ದು ದೇವರಿಲ್ಲ ಅಂತ ಹೇಳು ಎಂದು ನಾವು ಕಲಿಸಿಕೊಡಲಿಲ್ಲ. ಗೆಳೆಯರಿಗೆ ಬೇಸರವಾಗಿರುವುದು ಇದಕ್ಕೇ. ಆದರೆ ನಮ್ಮ ವಾದವನ್ನು ಮಗುವಿನ ಬಾಯಲ್ಲಿ ಹೇಳಿಸಿದರೆ, ಬಲವಂತವಾಗಿ ಕೈ ಮುಗಿಸುವವರಿಗೂ ನಮಗೂ ವ್ಯತ್ಯಾಸ ಏನು ಉಳಿಯಿತು? ಡಿಸೆಂಬರಿನಲ್ಲಿ ಅವಳು ಗೋದಲಿಯ ಕುರಿಮರಿಗೆ ಹತ್ತಿ ಅಂಟಿಸಿ ಬಂದಳು. ಚೆನ್ನಾಗಿತ್ತು.

ಅರ್ಜಿ ಹಾಕುವವರು ಅದನ್ನು ಮನೆಗೆ ತಂದು ಓದಿ, ಒಪ್ಪದ ಸಾಲಿದ್ದರೆ ಗೀಟು ಹಾಕಿ, ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ನಮ್ಮ ಮಗಳನ್ನು ಧಾರ್ಮಿಕ ಬೋಧನೆಗೆ ಕೂರಿಸಲು ಒಪ್ಪಿಗೆ ಇಲ್ಲ, ಉಳಿದೆಲ್ಲ ನಿಯಮ ಪಾಲಿಸುತ್ತೇವೆ ಎಂದು ನಾವು ಕನ್ನಡದಲ್ಲೇ ಎರಡು ಸಾಲು ಬರೆದು ಕೊಟ್ಟೆವು. ಸಿಸ್ಟರ್ ಓದಿ, ಫೈಲಿಗೆ ಸೇರಿಸಿ, ‘ಆಧಾರ್ ಜೆರಾಕ್ಸ್ ಬಾಕಿ ಇದೆ, ಸೋಮವಾರ ತನ್ನಿ’ ಎಂದರು.